ತಿದ್ದುಪಡಿ

ಕಂಪ್ಲಿಯ ಜಂಬಣ್ಣ ಅವರಿಗೆ,
ಕುವೈತಿನಲ್ಲಿ ಕೂತು ನಮ್ಮ 'ಎರಡನೇ ವಾಶ್' ಆಲ್ಬಮ್ ಬಗ್ಗೆ
ನೀವು ಬರೆದ ಹನ್ನೊಂದು ಹಾಳೆ
ಮಿಲ್ಲರ್‌ಪೇಟೆಯ ನಿಮ್ಮ ಅಕ್ಕನ ಮಗ ತಂದುಕೊಟ್ಟ.
ಮೂಲೆಗೆ ಖರ್ಜೂರದ ಅಂಟು ಹತ್ತಿತ್ತು.
ಒಂದೇ ಉಸಿರಿಗೆ ಓದಲಾಗಲಿಲ್ಲ,
ಆರುನೂರು ಪ್ಯಾಂಟಿನ ಆರ್ಡರಿತ್ತು.
ಒಂದು ಹಾಳೆ, ಐವತ್ತು ಪ್ಯಾಂಟಿಗೆ ಕಾಜಾ,
ಮತ್ತೊಂದು ಹಾಳೆ,
ಹೀಗೆ ಎರಡು ದಿನ.

ಕೆಲವು ತಿದ್ದುಪಡಿ ಇವೆ. ಸಿಟ್ಟಾಗಬೇಡಿ.

ಮೊದಲ ಹಾಡಿನ ಹಿಂದೆ ನಿಮಗೆ ಕೇಳಿಸಿದ್ದು ಮಳೆಯಲ್ಲ.
ಇದು ಬಳ್ಳಾರಿ. ತಿಂಗಳು ಮೇ.
ಪಕ್ಕದ ವಾಶಿಂಗ್ ಯೂನಿಟ್ಟಿನವರು ರಾತ್ರಿ ಹನ್ನೊಂದಕ್ಕೆ
ನೀಲಿ ನೀರನ್ನು ಮೋರಿಗೆ ಬಿಡುವ ಸದ್ದು.
ಹೇಳಲು ಹೋದ ಗಾದಿಲಿಂಗನಿಗೆ
"ಬೇಕಾದ್ರ ಹಾಡು ನಿಲ್ಸು, ನೀರು ನಿಲ್ಲಲ್ಲ" ಅಂದರು.
ಎರಡೂ ನಿಲ್ಲಲಿಲ್ಲ.

'ದನಿಗೆ ಹತ್ತಿ ಸುತ್ತಿದಂತಿದೆ, ಎಂಥ ಸ್ಟುಡಿಯೋ' ಎಂದಿದ್ದೀರಿ.
ಹತ್ತಿಯೇ. ಕೌಲ್ ಬಜಾರಿನ ಗೋಡೌನು,
ನಾಲ್ಕೂ ಗೋಡೆಗೆ ಡೆನಿಮ್ ಥಾನು,
ನಡುವೆ ನಾವು ಮೂವರು.
ಫ್ಯಾನು ಹಾಕಿದರೆ ಮೈಕಿಗೆ ಗಾಳಿ, ಆರಿಸಿದರೆ ಜೀವ ಹೋಗುತ್ತಿತ್ತು.
ಐದನೆಯ ಹಾಡಿನಲ್ಲಿ ನಾನು ಅಳುತ್ತಿಲ್ಲ.
ಬೆವರು ತುಟಿಗಿಳಿದು ಉಪ್ಪು ನುಂಗಿದ್ದು.
ಡ್ರಮ್ ಎಂದಿರಲ್ಲ, ಅದು ಕಟಿಂಗ್ ಟೇಬಲ್ಲು,
ಶೇಕ್ಷಾವಲಿಯ ಮರದ ಸ್ಕೇಲು.

ನಾಲ್ಕನೆಯ ಹಾಡು ನಡುವೆ ಥಟ್ಟನೆ ನಿಲ್ಲುತ್ತದೆ.
ಆ ಮೂರು ಸೆಕೆಂಡಿನ ಮೇಲೆ
ಒಂದು ಪೂರಾ ಹಾಳೆ ಬರೆದಿದ್ದೀರಿ, ದೂರದವರ ಮೌನ ಎಂದು.
ಕರೆಂಟು ಹೋಗಿತ್ತು, ಅಣ್ಣಾ.
ಆದರೂ ಓವರ್‌ಲಾಕಿನ ಮಾಬುನ್ನಿ ಆ ಹಾಳೆಯನ್ನು
ಎರಡು ಸಲ ಓದಿಸಿಕೊಂಡಳು.
"ನನ್ ತಮ್ಮ ಜೆಡ್ಡಾದಿಂದ ಫೋನ್ ಹಚ್ಚಿ
ಹಿಂಗೇ ಸುಮ್ಕಿರ್ತಾನ" ಅಂದಳು.

ಈಗ ಆರನೆಯದು.
'ಯಾರು ಆ ಖಾಜಾ? ಪುಣ್ಯವಂತ' ಎಂದು ಕೇಳಿದ್ದೀರಿ.
ಖಾಜಾ, ಕಾಯ್ತೈತಿ ಗುಂಡಿಗೆ.
ಹೆಸರು ಹಿಡಿದು, ಹೆದರದೆ,
ನಮ್ಮ ಕಡೆಯ ಹುಡುಗಿ ಹೀಗೆ ಕರೆದದ್ದನ್ನು ನೀವು ಕೇಳಿರಲಿಲ್ಲವಂತೆ.
ಶಿಫ್ಟ್ ಮುಗಿದ ಮೇಲೆ ನಿಮ್ಮ ರೂಮಿನ ಹತ್ತು ಮಂದಿ
ಮಂಚದ ಮೇಲೆ ಮಂಚ, ಕತ್ತಲಲ್ಲಿ, ಇದನ್ನೇ ಹಚ್ಚುತ್ತಾರಂತೆ.
ಬಂಗಾಳಿಯವನಿಗೆ ಎದೆ ಮುಟ್ಟಿ ತೋರಿಸಿದಿರಂತೆ.
ತೆಲುಗಿನವನಿಗೆ ಹೇಳಬೇಕಾಗಲಿಲ್ಲ, ಅವನದೂ ಗುಂಡೆಯೇ.

ಜಂಬಣ್ಣ, ಖಾಜಾ ಇಲ್ಲ.
ಕಾಜಾ. ಗುಂಡಿ ತೂರಿಸುವ ಕಾಜಾ.
ಆ ತಿಂಗಳು ದಿಲ್ಲಿಯಿಂದ ಗುಂಡಿ ಬಂದಿರಲಿಲ್ಲ.
ಎರಡು ಸಾವಿರ ಪ್ಯಾಂಟು ಬಾಯಿ ಬಿಟ್ಟುಕೊಂಡು
ತಗಡಿನ ಚಾವಣಿ ನೋಡುತ್ತ ಬಿದ್ದಿದ್ದವು.
ಮಾಲು ಹೋಗದೆ ಬಟವಾಡೆ ಇಲ್ಲವೆಂದ ಸೇಠು.
ಬೇಜಾರಿಗೆ ಗುನುಗಿಕೊಂಡೆ:
ಕಾಜಾ ಕಾಯ್ತೈತಿ ಗುಂಡಿಗೆ.
ಅದು ಸಂಬಳದ ಹಾಡು.

ಶೇಕ್ಷಾವಲಿ ನಕ್ಕು ನಕ್ಕು
ಒಗ್ಗಾಣಿ ನೆತ್ತಿಗೇರಿಸಿಕೊಂಡ.
ಓಣಿಯಲ್ಲಿ ಈಗ ನಾನು ಖಾಜಾನ ಸುಂಕಮ್ಮ.
ನನ್ನ ಗಂಡನೂ ಕೇಳಿದ, ಯಾರವನು?
ನಗುತ್ತಲೇ. ಆದರೂ ಕೇಳಿದ.

ಅರವತ್ತು ಪೆನ್‌ಡ್ರೈವ್ ಮಾಡಿಸಿದ್ದೆವು.
ನಲವತ್ತೊಂದು ಇನ್ನೂ ಗುಂಡಿಯ ಡಬ್ಬದಲ್ಲಿವೆ.
ನಿಮಗೆ ಯಾವುದು ಸಿಕ್ಕಿತೋ, ಯಾರ ಚೀಲದಲ್ಲಿ ದಾಟಿತೋ.
ಆಮೇಲೆ ಏಳು ವರ್ಷ
ಮೈಕಿನ ಮುಂದೆ ನಿಂತಿಲ್ಲ ನಾನು.

ನಿನ್ನೆ ರಾತ್ರಿ ಮಷೀನು ಆರಿಸಿ,
ನಿಮ್ಮ ಹಾಳೆ ಮಡಚಿಟ್ಟು, ಹಚ್ಚಿದೆ.
ನೀರು ಬಿದ್ದ ಸದ್ದು. ಸ್ಕೇಲಿನ ಏಟು.
ಆರನೆಯದು ಬಂತು.
ನಾನೇ ಕಟ್ಟಿದ ಸಾಲು, ನನ್ನದೇ ಗಂಟಲು.
ಎಷ್ಟು ಕಿವಿಗೊಟ್ಟರೂ
ಕಾಜಾ ಕೇಳಿಸಲಿಲ್ಲ.

ಈ ಕಾಗದವನ್ನು ನಿಮ್ಮ ರೂಮಿನವರಿಗೆ ಓದಬೇಡಿ.
ಮಳೆಯ ವಿಷಯ
ಬೇಕಾದರೆ ಹೇಳಿ.